ಕಾರು ವಿಮೆ ಮತ್ತು ಅಪಘಾತ ಚಿಕಿತ್ಸಾ ವೆಚ್ಚ: ವಾಹನ ಮಾಲೀಕರಿಗೆ ಮಾಹಿತಿ

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ವಾಹನಗಳು ಮಧುಗಿರಿ ಸಾರಿಗೆ ಕಛೇರಿಯಲ್ಲಿ ಕೆಎ-64 ಸರಣಿಯಡಿ ನೋಂದಣಿಯಾಗುತ್ತವೆ. ಸದರಿ ತಾಲ್ಲೂಕುಗಳ ಕಾರು ಮಾಲೀಕರು ವಿಮೆ ನವೀಕರಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಿದೆ.

ಕಡ್ಡಾಯ ವಿಮೆ

1988ರ ಮೋಟಾರು ವಾಹನಗಳ ಕಾಯಿದೆಯ ಕಲಂ 146ರನ್ವಯ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೇ ವ್ಯಕ್ತಿ ವಿಮೆ ಇರತಕ್ಕದ್ದು. ವೈದ್ಯಕೀಯ ವೆಚ್ಚಕ್ಕೆ ಕನಿಷ್ಠ ಇಷ್ಟು ಮೊತ್ತದ ರಕ್ಷಣೆ ಇರಬೇಕೆಂಬ ಪ್ರತ್ಯೇಕ ನಿಯಮ ನಮ್ಮಲ್ಲಿಲ್ಲ. ಕಾರು ತಗುಲಿ ಗಾಯಗೊಂಡ ಪಾದಚಾರಿ ಅಥವಾ ಅನ್ಯ ವಾಹನದ ಸವಾರರ ಚಿಕಿತ್ಸಾ ವೆಚ್ಚವು, ದುಡಿಮೆಯ ನಷ್ಟ ಮುಂತಾದವುಗಳೊಡನೆ, ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣವು ನಿಗದಿಪಡಿಸುವ ಪರಿಹಾರದಲ್ಲಿ ಸೇರುತ್ತದೆ. ವಿಮೆಯಿಲ್ಲದೆ ವಾಹನ ಚಲಾಯಿಸಿದಲ್ಲಿ ಮೊದಲ ಬಾರಿಗೆ ರೂ. 2,000 ದಂಡ ಅಥವಾ 3 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಕಾರಿನೊಳಗೆ ಪಯಣಿಸುವವರು

ಅನೇಕ ಮಾಲೀಕರು ತಪ್ಪು ತಿಳಿಯುವುದು ಇಲ್ಲಿಯೇ. ಕೇವಲ ಮೂರನೇ ವ್ಯಕ್ತಿ ವಿಮೆಯು ವಾಹನದಲ್ಲಿ ಉಚಿತವಾಗಿ ಪಯಣಿಸುವವರಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಸ್ಕೂಟರ್ ಹಿಂಬದಿ ಸವಾರರೊಬ್ಬರ ಪ್ರಕರಣದಲ್ಲಿ ತೀರ್ಪಿತ್ತಿದೆ. ಖಾಸಗಿ ಕಾರಿನಲ್ಲಿರುವ ಪತ್ನಿ, ಮಕ್ಕಳು, ಬಂಧುಮಿತ್ರರಿಗೂ ಇದೇ ತತ್ವ ಅನ್ವಯಿಸುತ್ತದೆ. ಸಮಗ್ರ ಪಾಲಿಸಿ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದಲ್ಲಿ ಇವರ ಹೊಣೆಯೂ ವಿಮಾ ಕಂಪನಿಯದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲಿ ಸ್ಪಷ್ಟಪಡಿಸಿದೆ. ಶಿರಾದಿಂದ ಮಡಕಶಿರಾಕ್ಕೋ, ಪಾವಗಡದಿಂದ ಹಿಂದೂಪುರಕ್ಕೋ ಮದುವೆಗೆಂದು ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೊರಡುವುದುಂಟು. ರಾಜ್ಯದ ಗಡಿ ದಾಟಿದ ಮಾತ್ರಕ್ಕೆ ಪಾಲಿಸಿ ಅಸಿಂಧುವಾಗದು. ಆದರೆ ಕೆಲವು ಸಾವಿರ ರೂಪಾಯಿ ಉಳಿಸಲು ಕನಿಷ್ಠ ಪಾಲಿಸಿಯನ್ನಷ್ಟೇ ಪಡೆದಿದ್ದಲ್ಲಿ, ಹಿಂದಿನ ಆಸನದಲ್ಲಿರುವವರಿಗೆ ಅದರಿಂದ ಪ್ರಯೋಜನವಿಲ್ಲ.

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರನೇ ವ್ಯಕ್ತಿ ವಿಮೆಯನ್ನು 3 ವರ್ಷಗಳಿಗೆ ಒಟ್ಟಾಗಿ ನೀಡಲಾಗುತ್ತಿದೆ. ಪಾಲಿಸಿಯ ಉಳಿದ ಭಾಗಗಳ ಅವಧಿ ಒಂದೇ ವರ್ಷವಿರಬಹುದಾದ್ದರಿಂದ ಪ್ರತಿಯೊಂದರ ಮುಕ್ತಾಯ ದಿನಾಂಕವನ್ನು ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು.

ಮಾಲೀಕ-ಚಾಲಕರು

ಸಿಂಧುವಾದ ಚಾಲನಾ ಪರವಾನಗಿ ಹೊಂದಿರುವ ನೋಂದಾಯಿತ ಮಾಲೀಕರಿಗೆ ರೂ. 15 ಲಕ್ಷ ಮೊತ್ತದ ವೈಯಕ್ತಿಕ ಅಪಘಾತ ವಿಮೆಯನ್ನು 2018ರಲ್ಲಿ ನಿಗದಿಪಡಿಸಲಾಯಿತು. ಇದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಸಲ್ಲುವ ಮೊತ್ತ, ಆಸ್ಪತ್ರೆಯ ಬಿಲ್ಲಿಗಲ್ಲ. ಒಂದು ಕೈ ಅಥವಾ ಒಂದು ಕಣ್ಣನ್ನು ಕಳೆದುಕೊಂಡಲ್ಲಿ ಶೇ. 50ರಷ್ಟು ದೊರೆಯುತ್ತದೆ. ಮುರಿದ ಕಾಲು ಪೂರ್ಣ ಗುಣವಾದರೆ, ಚಿಕಿತ್ಸೆಗೆ ಎಷ್ಟೇ ಖರ್ಚಾಗಿದ್ದರೂ, ಇದರಿಂದ ಏನೂ ದೊರೆಯದು. ಆದುದರಿಂದ ಮಾಲೀಕರು ಪ್ರತ್ಯೇಕ ಆರೋಗ್ಯ ವಿಮೆ ಹೊಂದಿರುವುದು ಸೂಕ್ತ.

ನಗದುರಹಿತ ಚಿಕಿತ್ಸೆ

ಕೇಂದ್ರ ಸರ್ಕಾರವು ಕಲಂ 162ರಡಿ 2025ರ ಮೇ 5ರಂದು ಅಧಿಸೂಚಿಸಿದ ಯೋಜನೆಯಂತೆ, ಯಾವುದೇ ರಸ್ತೆಯಲ್ಲಿ ಮೋಟಾರು ವಾಹನ ಅಪಘಾತಕ್ಕೀಡಾದವರಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ, ತಲಾ ರೂ. 1.5 ಲಕ್ಷದ ಮಿತಿಯಲ್ಲಿ, ನಿಯೋಜಿತ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ಲಭ್ಯ. ಇತರೆ ಆಸ್ಪತ್ರೆಗಳಲ್ಲಿ ಗಾಯಾಳುವಿನ ಸ್ಥಿತಿಯನ್ನು ಸ್ಥಿರಗೊಳಿಸುವ ಚಿಕಿತ್ಸೆಗಷ್ಟೇ ಇದು ಸೀಮಿತ. ಕೂಡಲೇ 112ಕ್ಕೆ ಕರೆ ಮಾಡುವುದು.

ಪರಿಹಾರ ಅರ್ಜಿ

ಅಪಘಾತ ಬೇರೆಡೆ ನಡೆದಿದ್ದರೂ ಅರ್ಜಿದಾರರು ತಾವು ವಾಸಿಸುವ ಸ್ಥಳದ ನ್ಯಾಯಾಧಿಕರಣದಲ್ಲಿ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ 6 ತಿಂಗಳೊಳಗೆ, ಆಸ್ಪತ್ರೆಯ ಮೂಲ ಬಿಲ್ಲುಗಳು, ಗಾಯದ ಪ್ರಮಾಣಪತ್ರ ಹಾಗೂ ಪೊಲೀಸ್ ದಾಖಲೆಗಳ ಪ್ರತಿಗಳೊಂದಿಗೆ ಸಲ್ಲಿಸುವುದು.