ಮನೆಯೋ ಕಾರ್ಯಾಲಯವೋ? ಧಾರಾವಿಯ ಹಳೆಯ ಪಾಠ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಮುಲುಂಡ್, ಡೊಂಬಿವಲಿಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ಊಟದ ಮೇಜನ್ನೇ ಆಫೀಸು ಮಾಡಿಕೊಂಡರು. ಆಮೇಲೆ ಕೆಲವು ಕಂಪೆನಿಗಳು ವಾರಕ್ಕೆ ಎರಡು ಮೂರು ದಿನ ಬನ್ನಿ ಎಂದವು. ಕೆಲವು ಎಲ್ಲ ದಿನವೂ ಕರೆದವು. ಯಾವುದು ಮೇಲು ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಇದು ಹೊಸ ಪ್ರಶ್ನೆಯೆಂದು ನಾವು ತಿಳಿದಿದ್ದೇವೆ. ಮಾಟುಂಗದಿಂದ ರೈಲುಹಳಿ ದಾಟಿ ಧಾರಾವಿಗೆ ಹೋದರೆ, ಇದೆಷ್ಟು ಹಳೆಯದೆಂಬುದು ಮನವರಿಕೆಯಾಗುತ್ತದೆ.

ಮನೆ ಬೇರೆ, ದುಡಿಮೆಯ ಜಾಗ ಬೇರೆ ಎಂಬ ಪದ್ಧತಿ ಈ ನಗರದಲ್ಲಿ ಬೇರೂರಿದ್ದು ಹತ್ತಿ ಗಿರಣಿಗಳಿಂದ. 1854ರಲ್ಲಿ ಕಾವಸ್‌ಜಿ ದಾವರ್ ಇಲ್ಲಿನ ಮೊದಲ ಗಿರಣಿ ಕಂಪೆನಿಯನ್ನು ಸ್ಥಾಪಿಸಿದರು. ಉಗಿಯಂತ್ರವನ್ನು ಮನೆಗೆ ತರುವಂತಿರಲಿಲ್ಲ. ಆಳೇ ಯಂತ್ರದ ಬಳಿಗೆ ಹೋಗಬೇಕಾಯಿತು. ನಮ್ಮ ಇಳಕಲ್ಲು, ಗುಳೇದಗುಡ್ಡಗಳಲ್ಲಾದರೋ ನೇಕಾರನ ಕುಣಿಮಗ್ಗ ಮನೆಯೊಳಗೇ ಇತ್ತು.

ಧಾರಾವಿಯ ಕುಂಭಾರವಾಡವೂ ಹೀಗೆಯೇ. ಸೌರಾಷ್ಟ್ರ ಮೂಲದ ಕುಂಬಾರರು 1930ರ ದಶಕದಲ್ಲಿ ಇಲ್ಲಿ ನೆಲೆಯೂರಿದರು. ಬೀದಿಯ ಕಡೆಗೆ ಅಂಗಡಿ, ನಡುವೆ ಸಂಸಾರ, ಹಿಂದಿನ ಅಂಗಳದಲ್ಲಿ ಆವಿಗೆ. ಮಣ್ಣು ಹದಮಾಡುವುದರಿಂದ ಹಿಡಿದು ಮಡಕೆಯನ್ನು ಬಿಸಿಲಿಗಿಡುವವರೆಗೆ ಮನೆಮಂದಿಯೆಲ್ಲ ಕೈಹಾಕುತ್ತಾರೆ. ಬಸ್ಸು ರೈಲಿನ ಖರ್ಚಿಲ್ಲ ನಿಜ. ಆದರೆ ಆವಿಗೆಯ ಹೊಗೆಯನ್ನೂ ಆ ಮನೆಯವರೇ ಕುಡಿಯಬೇಕು.

ಇವೆರಡರ ನಡುವಿನ ದಾರಿಯನ್ನೂ ಮುಂಬಯಿ ಕಂಡಿದೆ. 1959ರ ಮಾರ್ಚ್ 15ರಂದು ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯಲ್ಲಿ ಹಿಟ್ಟು ಕಲಸುವುದು ಕೇಂದ್ರದಲ್ಲಿ, ಲಟ್ಟಿಸುವುದು ಮನೆಯಲ್ಲಿ, ತೂಕ ಮತ್ತು ಪರೀಕ್ಷೆ ಮತ್ತೆ ಕೇಂದ್ರದಲ್ಲಿ. ಲಟ್ಟಿಸುವವರೇ ಸಂಸ್ಥೆಯ ಪಾಲುದಾರರು, ಲಾಭವೂ ಅವರಿಗೇ. ಧಾರಾವಿಯ ಓಣಿಗಳಲ್ಲಿ ಬುಟ್ಟಿ ಬೋರಲು ಹಾಕಿ ಹಪ್ಪಳ ಒಣಗಿಸುವ ಎಷ್ಟೋ ಹೆಂಗಸರಿಗೆ ಆ ಪಾಲುದಾರಿಕೆಯಿಲ್ಲ. ಕಿಲೋಗೆ ಇಷ್ಟೆಂಬ ಕೂಲಿ ಮಾತ್ರ. ಕೆಲಸ ಒಂದೇ, ಜಾಗ ಒಂದೇ. ಆದರೆ ಕರಾರು ಬೇರೆ.

ನಮ್ಮವರ ಅನುಭವ ಇದಕ್ಕೆ ತದ್ವಿರುದ್ಧ. ಊರಿನಿಂದ ಬಂದು ಹೋಟೆಲು ಸೇರಿದ ಹುಡುಗರಿಗೆ ಕೆಲಸದ ಜಾಗವೇ ಮನೆಯಾಯಿತು. ಗಿರಾಕಿಗಳು ಹೋದ ಮೇಲೆ ಮೇಜು ಸರಿಸಿ ಅಲ್ಲೇ ಮಲಗುತ್ತಿದ್ದರು. ಊಟ, ವಸತಿಯ ಚಿಂತೆಯಿರಲಿಲ್ಲ. ಆದರೆ ಕೆಲಸ ಎಲ್ಲಿ ಮುಗಿಯಿತು, ಬಿಡುವು ಎಲ್ಲಿ ಆರಂಭವಾಯಿತು ಎಂದು ಹೇಳುವುದು ಕಷ್ಟವಿತ್ತು. ಕನ್ನಡ ರಾತ್ರಿ ಶಾಲೆಗಳು ಅವರಿಗೆ ಕಲಿಸಿದ್ದು ಅಕ್ಷರವನ್ನಷ್ಟೇ ಅಲ್ಲ. ದಿನದಲ್ಲಿ ಎರಡು ತಾಸು ತಮ್ಮದೆಂಬುದನ್ನೂ ತೋರಿಸಿಕೊಟ್ಟವು.

ಈಗ ಧಾರಾವಿಯ ಮುಂದೆ ಇನ್ನೊಂದು ಪರೀಕ್ಷೆಯಿದೆ. 2022ರ ನವೆಂಬರ್‌ನಲ್ಲಿ ಪುನರ್ವಿಕಾಸದ ಟೆಂಡರು ಅದಾನಿ ಸಮೂಹದ ಪಾಲಾಯಿತು. 2024ರಲ್ಲಿ ಅರ್ಹ ಕುಟುಂಬಕ್ಕೆ 350 ಚದರಡಿಯ ಫ್ಲ್ಯಾಟು ಎಂದು ಘೋಷಣೆಯಾಯಿತು. ಒಳಗೇ ಅಡಿಗೆಮನೆ, ಶೌಚಾಲಯ ಬರುವುದು ದೊಡ್ಡ ಅನುಕೂಲವೇ ಸರಿ. ಆದರೆ ಹತ್ತನೆಯ ಮಾಳಿಗೆಯಲ್ಲಿ ಆವಿಗೆ ಹೊತ್ತಿಸುವುದೆಲ್ಲಿ, ಹಪ್ಪಳ ಒಣಗಿಸುವುದೆಲ್ಲಿ? ಮನೆ ಸಿಕ್ಕಿ ಕಸುಬು ತಪ್ಪಿದರೆ ಆ ಮನೆಯ ಖರ್ಚು ಹೊರುವವರು ಯಾರು?

ಆದ್ದರಿಂದ ಆಫೀಸೋ ಮನೆಯೋ ಎಂದು ತೀರ್ಮಾನಿಸುವ ಹಿರಿಯ ಹುದ್ದೆಯಲ್ಲಿರುವ ನಮ್ಮ ಬಾಂಧವರು ಮೂರು ಮಾತುಗಳನ್ನು ಮೊದಲು ಕೇಳಿಕೊಳ್ಳಬೇಕೆಂದು ನಮಗನಿಸುತ್ತದೆ. ಜಾಗ ಯಾರದು? ಕರೆಂಟಿನ ಬಿಲ್ಲು ಯಾರದು? ಕೆಲಸ ಮುಗಿಯುವುದು ಎಷ್ಟು ಗಂಟೆಗೆ? ಮೂರು ಕೋಣೆಯ ಫ್ಲ್ಯಾಟಿನಲ್ಲಿರುವ ಮ್ಯಾನೇಜರರಿಗೆ ಹಿತವಾದದ್ದು, ಚಾಳಿನ ಒಂದೇ ಕೋಣೆಯಲ್ಲಿ ಐವರೊಡನೆ ಇರುವ ಕಿರಿಯನಿಗೆ ಹಿತವಾಗಲಾರದು. ಅವನಿಗೆ ಆಫೀಸಿನ ಕುರ್ಚಿಯೇ ಬಿಡುಗಡೆಯಾಗಿರಬಹುದು. ಅವನನ್ನು ಕೇಳಿಯೇ ತೀರ್ಮಾನಿಸೋಣ.