ಹೆಸರು ತಪ್ಪಿದ ನೊಣ

ದನಗಳ ಹುಣ್ಣಿಗೆ ಹುಳು ಬೀಳುವ ಸಂಕಟವು ನಮ್ಮ ಒಕ್ಕಲುಮನೆಗಳವರಿಗೆ ಹೊಸದಲ್ಲ. ಅಮೆರಿಕ ಖಂಡದಲ್ಲಿಯೂ ಈ ಪೀಡೆಯುಂಟು. ಅಲ್ಲಿ ಅದಕ್ಕೆ ಕಾರಣವಾದ ನೊಣವನ್ನು ಗುರುತಿಸುವುದರಲ್ಲಿ ಸಂಭವಿಸಿದ ಪ್ರಮಾದದ ಚರಿತ್ರೆಯು ವಾಚಕರು ಮನನಮಾಡತಕ್ಕುದಾಗಿದೆ.

1775ರಲ್ಲಿ ಫ್ಯಾಬ್ರಿಷಿಯಸ್ ಎಂಬ ಪಂಡಿತನು ನೀಲಿ ಹಸುರು ಹೊಳಪಿನ ಒಂದು ನೊಣಕ್ಕೆ ‘ಮ್ಯಾಸೆಲೇರಿಯ’ ಎಂದು ಹೆಸರಿಟ್ಟನು. 1858ರಲ್ಲಿ ಕೊಕ್ರೆಲ್ ಎಂಬ ಫ್ರೆಂಚ್ ವೈದ್ಯನು, ದಕ್ಷಿಣ ಅಮೆರಿಕದ ಗಯಾನಾದಲ್ಲಿ ಸೆರೆಯಾಳುಗಳ ಮೂಗಿನೊಳಗೆ ಬೀಳುತ್ತಿದ್ದ ಹುಳುಗಳ ನೊಣವನ್ನು ವರ್ಣಿಸಿ, ‘ಹೋಮಿನಿವೋರಾಕ್ಸ್’, ಎಂದರೆ ನರಭಕ್ಷಕ, ಎಂದು ಕರೆದನು. ಬಳಿಕ ಬಂದವರು ಎರಡನ್ನೂ ಒಂದೆಂದೇ ಎಣಿಸಿದರು. ಮೈಬಣ್ಣವೂ ಬೆನ್ನಿನ ಮೂರು ಕಪ್ಪುಗೆರೆಗಳೂ ಎರಡಕ್ಕೂ ಸಮಾನ. ವಾಸಿಸುವ ಸೀಮೆಯೂ ಬಹುಮಟ್ಟಿಗೆ ಒಂದೇ. ಮ್ಯಾಸೆಲೇರಿಯವು ಸತ್ತ ಪ್ರಾಣಿಗಳ ಕಳೇಬರದಲ್ಲಿ ಹೇರಳವಾಗಿ ಹುಟ್ಟುವುದಾದ್ದರಿಂದ, ಕಳೇಬರಗಳನ್ನು ಸುಟ್ಟರೆ ಪೀಡೆಯು ತೊಲಗುವುದೆಂದು ದನಗಾಹಿಗಳಿಗೆ ಬೋಧಿಸಲಾಯಿತು. ಅವರು ಅದರಂತೆಯೇ ಸುಟ್ಟರು. ಆದರೂ ಬದುಕಿದ್ದ ದನಗಳಿಗೆ ಹುಳು ಬೀಳುವುದು ನಿಲ್ಲಲಿಲ್ಲ.

1933ರಲ್ಲಿ ಅಮೆರಿಕದ ಕುಶಿಂಗರೂ ಲಿವರ್‌ಪೂಲಿನ ಪ್ಯಾಟನ್ನರೂ ಈ ಗಂಟನ್ನು ಬಿಡಿಸಿದರು. ಪ್ಯಾಟನ್ನರು ಹಿಂದೆ ಮದರಾಸಿನ ಗಿಂಡಿಯಲ್ಲಿರುವ ಕಿಂಗ್ ಸಂಸ್ಥೆಯಲ್ಲಿದ್ದು ನಮ್ಮ ದೇಶದ ನೊಣಗಳನ್ನು ಅಭ್ಯಸಿಸಿದವರು. ಗಂಡುನೊಣಗಳ ಜನನಾಂಗಗಳನ್ನು ಹೋಲಿಸಲಾಗಿ, ಜಾತಿಗಳು ಎರಡೆಂಬುದು ಸ್ಥಿರಪಟ್ಟಿತು. ಬಲಿತ ಹುಳುವಿನ ಹಿಂಬದಿಯಲ್ಲಿ ಎರಡು ಉಸಿರುಕೊಳವೆಗಳು ಕಪ್ಪಾಗಿ ಕಾಣುವುದೂ ನರಭಕ್ಷಕದ ಲಕ್ಷಣವೇ. ಅದರ ಹುಳುವು ಜೀವಂತ ಮಾಂಸದಲ್ಲಿ ಮಾತ್ರ ಬೆಳೆಯತಕ್ಕುದು. ಹೀಗಿರಲು ಹೆಣ ಸುಡುವುದರಿಂದ ಫಲವೇನು?

ನಿಜವಾದ ಶತ್ರುವು ತಿಳಿದ ಮೇಲೆ ಅದರ ನಡತೆಯೂ ತಿಳಿಯಬಂದಿತು. ಹೆಣ್ಣುನೊಣವು ಸಾಮಾನ್ಯವಾಗಿ ಒಮ್ಮೆ ಮಾತ್ರ ಕೂಡುವುದು. ನಿಪ್ಲಿಂಗ್, ಬುಶ್ಲೆಂಡ್ ಎಂಬವರು ಇದನ್ನೇ ಆಧಾರವಾಗಿಟ್ಟುಕೊಂಡು, ವಿಕಿರಣದಿಂದ ಬಂಜೆಮಾಡಿದ ನೊಣಗಳನ್ನು ಬಿಡುವ ಉಪಾಯವನ್ನು ಸಾಧಿಸಿದರು. 1954ರಲ್ಲಿ ಕುರಸಾವೊ ದ್ವೀಪದಲ್ಲಿ ಆ ಜಾತಿಯು ಕೆಲವೇ ತಿಂಗಳಲ್ಲಿ ನಿರ್ಮೂಲವಾಯಿತು.

ಭಾರತ, ಆಫ್ರಿಕಗಳಲ್ಲಿ ಇದೇ ಬಗೆಯ ಪೀಡೆಯನ್ನು ಕೊಡುವುದು ‘ಕ್ರೈಸೊಮಿಯ ಬೆಜಿಯಾನ’ ಎಂಬ ಬೇರೊಂದು ನೊಣ. ಆದರೆ 1988ರಲ್ಲಿ ಆಫ್ರಿಕದ ಲಿಬಿಯದಲ್ಲಿ ದೊರೆತ ಹುಳುಗಳು ಅಮೆರಿಕದ ನರಭಕ್ಷಕದವೇ ಆಗಿದ್ದುವು. ಸೀಮೆಯನ್ನೊಂದೇ ನಂಬಿದ್ದರೆ ಅಲ್ಲಿಯೂ ಹೆಸರು ತಪ್ಪುತ್ತಿತ್ತು. ಅಂಗಲಕ್ಷಣಗಳನ್ನು ಪರೀಕ್ಷಿಸಿ ತಿಳಿದುದರಿಂದಲೇ ಮೆಕ್ಸಿಕೊದಿಂದ ಅದೇ ಜಾತಿಯ ಬಂಜೆನೊಣಗಳನ್ನು ವಿಮಾನದಲ್ಲಿ ತರಿಸಿ, 1991ರೊಳಗಾಗಿ ಆ ಪೀಡೆಯನ್ನು ಅಲ್ಲಿಂದ ಅಳಿಸಲಾಯಿತು. ಪ್ರಾಣಿಗಳಿಗೆ ಲ್ಯಾಟಿನ್ ಹೆಸರಿಡುವುದು ಪಂಡಿತರ ವಿನೋದವೆಂದು ಹಗುರವಾಗಿ ನುಡಿಯುವವರು, ವ್ಯರ್ಥವಾಗಿ ಹೆಣ ಸುಟ್ಟ ಆ ದನಗಾಹಿಗಳನ್ನು ನೆನೆಯಬೇಕು.