ಕಿಕ್ಕರೂ ಅದೇ, ಗೇರೂ ಅದೇ: ಮೈಸೂರಿನ ಯೆಜ್ಡಿ ನಡೆದು ಬಂದ ದಾರಿ

ಯೆಜ್ಡಿ ಬೈಕನ್ನು ಮೊದಲ ಸಲ ಹತ್ತಿದವರು ಕಿಕ್ಕರ್ ಎಲ್ಲಿದೆಯೆಂದು ತಡಕಾಡುವುದುಂಟು. ಬಲಗಾಲಿನ ಬಳಿ ಏನೂ ಇರುವುದಿಲ್ಲ. ಎಡಗಡೆ ಇರುವುದು ಗೇರ್ ಲಿವರ್ ಒಂದೇ. ಗೊತ್ತಿದ್ದವರು ಅದನ್ನೇ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಮೇಲೆತ್ತಿ ಒಂದು ಒದೆ ಕೊಡುತ್ತಾರೆ. ಎಂಜಿನ್ ಹೊತ್ತಿಕೊಂಡ ಮೇಲೆ ಅದೇ ಲಿವರ್ ಮತ್ತೆ ಗೇರ್ ಆಗುತ್ತದೆ. ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದೆಂಬುದು ಇನ್ನೊಂದು ಸೋಜಿಗ. ಲಿವರನ್ನು ತುಳಿದಾಗ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

1961ರಲ್ಲಿ ಮೈಸೂರಿನಿಂದ ಹೊರಬಿದ್ದ ಜಾವಾದಲ್ಲಿಯೂ ಈ ಲಿವರ್ ಇತ್ತು, 1996ರಲ್ಲಿ ಹೊರಬಿದ್ದ ಕೊನೆಯ ಯೆಜ್ಡಿಯಲ್ಲಿಯೂ ಇತ್ತು. ಮೂವತ್ತೈದು ವರ್ಷಗಳಲ್ಲಿ ಈ ಬೈಕಿನಲ್ಲಿ ಬದಲಾದುದೇನು, ಬದಲಾಗದೆ ಉಳಿದುದೇನು ಎಂದು ನೋಡಹೊರಟರೆ ಒಂದು ಊರಿನ ಉದ್ದಿಮೆಯ ಏಳುಬೀಳೂ ಕಣ್ಣಮುಂದೆ ಬರುತ್ತದೆ.

ಮೂಲ ಜೆಕೊಸ್ಲೊವಾಕಿಯದ್ದು. ಶಸ್ತ್ರಾಸ್ತ್ರ ತಯಾರಕನಾಗಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. ಅದೇ 'ಜಾವಾ' ಆಯಿತು. ಎರಡನೇ ಮಹಾಯುದ್ಧದಲ್ಲಿ ದೇಶ ಜರ್ಮನರ ಕೈಯಲ್ಲಿದ್ದಾಗ ಅಲ್ಲಿನ ಎಂಜಿನಿಯರುಗಳು ಕದ್ದುಮುಚ್ಚಿ 250 ಸಿಸಿಯ ಹೊಸ ಬೈಕೊಂದನ್ನು ರೂಪಿಸಿದರು. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಅದು ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದಿತು. 'ಪೇರಾಕ್' ಎಂಬುದು ಅದರ ಅಡ್ಡಹೆಸರು. ಯುದ್ಧಕಾಲದ ಪ್ರಾಗ್‌ನಲ್ಲಿ ಜನರ ಬಾಯಲ್ಲಿ ಓಡಾಡುತ್ತಿದ್ದ, ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಹಾರುವ ಮಾಯಾವಿಯೊಬ್ಬನ ಹೆಸರದು! 1954ರಲ್ಲಿ ಹಿಂಗಾಲಿಗೆ ಸ್ವಿಂಗ್ ಆರ್ಮ್ ಅಳವಡಿಸಿದ ಮುಂದಿನ ಪೀಳಿಗೆ ಬಂತು. ಮೈಸೂರಿಗೆ ಬಂದದ್ದು ಈ ಪೀಳಿಗೆಯೇ.

ಮುಂಬೈಯಲ್ಲಿ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಪಾರ್ಸಿ ವ್ಯಾಪಾರಿಗಳು ಇರಾನಿ ಮನೆತನದವರು. ಆಮದಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ ಇಲ್ಲಿಯೇ ತಯಾರಿಸುವುದಲ್ಲದೆ ಬೇರೆ ದಾರಿ ಇರಲಿಲ್ಲ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪೆನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆಯನ್ನು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ರೇಷ್ಮೆ, ಗಂಧದೆಣ್ಣೆ, ಸಾಬೂನುಗಳ ರಾಜ್ಯದಲ್ಲಿ, ಅರಮನೆಯ ಊರಿನಲ್ಲಿ, ಮೋಟಾರ್ ಸೈಕಲ್ ಕಾರ್ಖಾನೆ!

248.5 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಹೆಡ್‌ಲೈಟಿನ ಗೂಡಿನೊಳಗೇ ಸ್ಪೀಡೋಮೀಟರು. ಚೈನು ಪೂರ್ತಿ ಕವಚದೊಳಗೆ. ಕೆಸರು ದೂಳಿನ ರಸ್ತೆಗೆ ಇದಕ್ಕಿಂತ ಹೇಳಿ ಮಾಡಿಸಿದ ಏರ್ಪಾಡು ಇನ್ನೊಂದಿಲ್ಲ. ಆಗ ಪೇಟೆಯಲ್ಲಿ ಪೈಪೋಟಿ ಇದ್ದದ್ದು ಮದ್ರಾಸಿನ ಎನ್‌ಫೀಲ್ಡ್ ಬುಲೆಟ್ಟಿಗೆ ಮತ್ತು ಎಸ್ಕಾರ್ಟ್ಸ್‌ನ ರಾಜದೂತ್‌ಗೆ. ಬುಲೆಟ್ ಭಾರ, ರಾಜದೂತ್ ಹಗುರ. ಜಾವಾ ಇವೆರಡರ ನಡುವೆ ನಿಂತಿತು. ಎಂಜಿನ್ ಬಿಚ್ಚಿದರೆ ಒಳಗೆ ಬಿಡಿಭಾಗಗಳೇ ಕಡಿಮೆ. ಹೋಬಳಿ ಮಟ್ಟದ ಮೆಕ್ಯಾನಿಕ್ ಕೂಡ ಧೈರ್ಯವಾಗಿ ಕೈಹಾಕಬಹುದಿತ್ತು.

ಎಪ್ಪತ್ತರ ದಶಕದ ಆರಂಭದಲ್ಲಿ ಜೆಕ್ ಕಂಪೆನಿಯೊಡನೆ ಇದ್ದ ಪರವಾನಗಿ ಒಪ್ಪಂದ ಮುಗಿಯಿತು. 1973ರ ಸುಮಾರಿಗೆ ಟ್ಯಾಂಕಿನ ಮೇಲಿನ ಹೆಸರು 'ಯೆಜ್ಡಿ' ಆಯಿತು. ಜೆಕ್ ಭಾಷೆಯಲ್ಲಿ ಸವಾರಿ ಮಾಡು ಎಂಬರ್ಥದ ಪದದಿಂದ ಇದು ಬಂತೆನ್ನುತ್ತಾರೆ ಕೆಲವರು. ಇರಾನಿ ಮನೆತನದ ಬೇರು ಇರುವ ಯಜ್ದ್ ನಗರದಿಂದ ಬಂತೆನ್ನುತ್ತಾರೆ ಇನ್ನು ಕೆಲವರು. ಹೆಸರು ಬದಲಾದರೂ ಬೈಕು ಬಹುಮಟ್ಟಿಗೆ ಹಳೆಯದೇ. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯುವಂತಿಲ್ಲ. ಇನ್ನು ಮುಂದೆ ಏನೇ ತಿದ್ದುಪಡಿ ಮಾಡುವುದಿದ್ದರೂ ಅದು ಮೈಸೂರಿನವರ ಹೊಣೆ.

ಆ ಹೊಣೆಯನ್ನು ಅವರು ನಿಜವಾಗಿ ಹೊತ್ತದ್ದು 1978ರಲ್ಲಿ, ರೋಡ್‌ಕಿಂಗ್ ಬಂದಾಗ. ಜೆಕ್ ನಾಡಿನದೇ ಆದ ಸಿಝಡ್ ಮೋಟೋಕ್ರಾಸ್ ಬೈಕುಗಳ ಛಾಯೆ ಇದರಲ್ಲಿತ್ತು. ದುಂಡು ದುಂಡಾಗಿದ್ದ ಹಳೆಯ ಮೈಕಟ್ಟು ಹೋಗಿ ಟ್ಯಾಂಕು, ಸೀಟು, ಹ್ಯಾಂಡಲ್ಲು ಎಲ್ಲಕ್ಕೂ ಹೊಸ ರೂಪ ಬಂತು. ಹೆಡ್‌ಲೈಟಿನ ಗೂಡಿನಿಂದ ಮೀಟರು ಹೊರಬಂತು. ಹಳೆಯ ಮಾದರಿಯ 13 ಅಶ್ವಶಕ್ತಿಯ ಜಾಗದಲ್ಲಿ ಈಗ 16. ಅಂಕಿ ಸಣ್ಣದೆನಿಸಬಹುದು. ಆದರೆ ಕೆಳಗಿನ ಗೇರುಗಳಲ್ಲೇ ಸಿಗುತ್ತಿದ್ದ ಎಳೆತದಿಂದಾಗಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಗಂಟುಮೂಟೆ ಬಿಗಿದುಕೊಂಡು ಘಾಟಿ ಹತ್ತುವುದಕ್ಕೆ ಅಷ್ಟು ಸಾಕಿತ್ತು. ಭಾನುವಾರ ರ್‍ಯಾಲಿ, ಸೋಮವಾರ ಆಫೀಸು, ರಜೆ ಬಂದರೆ ದೂರದೂರಿನ ಪ್ರವಾಸ: ಒಂದೇ ಬೈಕಿನಲ್ಲಿ ಇಷ್ಟೂ ಸಾಧ್ಯವಾಯಿತು. ವೇಗಕ್ಕೂ ದೂರಕ್ಕೂ ಒಗ್ಗುವ 'ಸ್ಪೋರ್ಟ್ಸ್ ಟೂರರ್' ಎಂಬ ಪ್ರತ್ಯೇಕ ವರ್ಗ ಶ್ರೀಮಂತ ದೇಶಗಳ ಪೇಟೆಯಲ್ಲಿತ್ತು. ಭಾರತದ ಸವಾರನ ಪಾಲಿಗೆ ಆ ಜಾಗ ತುಂಬಿದ್ದು ಬಹುಶಃ ಈ ಬೈಕೇ.

ಯೆಜ್ಡಿಯ ಇತಿಹಾಸದಲ್ಲಿ ನಿಜವಾದ ಪೀಳಿಗೆ ಬದಲಾವಣೆ ಎನ್ನಬಹುದಾದದ್ದು ಇದೊಂದೇ. ತೊಡಕು ಇರುವುದೂ ಇಲ್ಲಿಯೇ. ಡಿಲಕ್ಸ್, ಸಿಎಲ್-2, ಮೊನಾರ್ಕ್ ಎಂದು ಆಮೇಲೆ ಬಂದ ಹೆಸರುಗಳೆಲ್ಲ ಅದೇ ಸರಕನ್ನು ಹಿಂದುಮುಂದು ಮಾಡಿ ಜೋಡಿಸಿದಂಥವು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಪದ್ಧತಿ ಹೋಗಲಿಲ್ಲ. ಹಿಂದೆ ಬರುವವರ ಮುಖಕ್ಕೆ ಬಿಳಿ ಹೊಗೆ ಬಿಡುವುದೂ ತಪ್ಪಲಿಲ್ಲ.

ಅದಕ್ಕೆ ಕಂಪೆನಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಎಷ್ಟು ಬೈಕು ಮಾಡಬೇಕೆಂಬುದಕ್ಕೂ ದಿಲ್ಲಿಯ ಅಪ್ಪಣೆ ಬೇಕಿದ್ದ ಕಾಲವದು. ಹೊರಗಿನಿಂದ ಯಂತ್ರ ತರಿಸಲು ವಿದೇಶಿ ವಿನಿಮಯ ಸಿಗುವುದು ಕಷ್ಟ. ಮಾಡಿದ್ದೆಲ್ಲ ಮಾರಾಟವಾಗುವ ಪೇಟೆಯಲ್ಲಿ ಹೊಸದನ್ನು ಮಾಡುವ ಒತ್ತಡವೂ ಇರುವುದಿಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರ ಬಾಗಿಲು ಸ್ವಲ್ಪ ತೆರೆದಾಗ ಜಪಾನಿನ ಕಂಪೆನಿಗಳು 100 ಸಿಸಿ ಬೈಕುಗಳೊಂದಿಗೆ ಒಳಬಂದವು. 1984ರಲ್ಲಿ ಹೊಸೂರಿನ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ-100 ಮತ್ತು ಯಮಾಹಾ ಆರ್‌ಎಕ್ಸ್-100. ಆರ್‌ಎಕ್ಸ್-100ರ ಎಂಜಿನ್ ಯೆಜ್ಡಿಯ ಅರ್ಧಕ್ಕಿಂತ ಚಿಕ್ಕದು, ಶಕ್ತಿ ಮಾತ್ರ 11 ಅಶ್ವಶಕ್ತಿ! ಹೀರೋ ಹೋಂಡಾ ಲೀಟರಿಗೆ 80 ಕಿ.ಮೀ. ಎಂದು ಜಾಹೀರಾತು ಕೊಟ್ಟಿತು. ಲೀಟರಿಗೆ 30 ಕಿ.ಮೀ. ಆಸುಪಾಸು ಓಡುವ ಯೆಜ್ಡಿ ಸಂಬಳದಾರರ ಲೆಕ್ಕದ ಪುಸ್ತಕದಲ್ಲಿ ಸೋತಿತು. ಮೈಸೂರಿನವರಿಗೆ ಜಪಾನಿ ಪಾಲುದಾರರು ಇರಲಿಲ್ಲ, ತಮ್ಮದೇ ಆದ ಫೋರ್-ಸ್ಟ್ರೋಕ್ ಎಂಜಿನ್ನೂ ಇರಲಿಲ್ಲ.

ಮಾರಾಟ ಇಳಿಯಿತು, ಕಾರ್ಮಿಕ ವಿವಾದಗಳು ಬೆಳೆದವು. ಹೊಗೆಯ ಮೇಲಿನ ನಿಯಮಗಳು ಬಿಗಿಯಾದ 1996ರಲ್ಲಿಯೇ ಕಾರ್ಖಾನೆ ನಿಂತಿತು. 2001ರಲ್ಲಿ ಹೈಕೋರ್ಟು ಕಂಪೆನಿಯ ಸಮಾಪನೆಗೆ ಆದೇಶಿಸಿತು. ಲೇತಿನ ಮುಂದೆ, ಜೋಡಣೆಯ ಸಾಲಿನಲ್ಲಿ ಕೈ ಪಳಗಿಸಿಕೊಂಡಿದ್ದ ಕೆಲಸಗಾರರು ನಡುವಯಸ್ಸಿನಲ್ಲಿ ಬೇರೆ ಅನ್ನದ ದಾರಿ ಹುಡುಕಬೇಕಾಯಿತು. 'ಫಾರೆವರ್ ಬೈಕ್' ಎಂದು ಕಂಪೆನಿ ಜಾಹೀರಾತಿನಲ್ಲಿ ಹೇಳಿಕೊಂಡಿತ್ತು. ಬೈಕು ಆ ಮಾತು ಉಳಿಸಿಕೊಂಡಿತು, ಕಾರ್ಖಾನೆಗೆ ಆಗಲಿಲ್ಲ.

ಮಹೀಂದ್ರಾ ಬಂಡವಾಳದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿ 2018ರಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಪೇಟೆಗೆ ತಂದಿತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಇದರ ಸ್ಥಾಪಕರಲ್ಲೊಬ್ಬರು. ಫೋರ್-ಸ್ಟ್ರೋಕ್ ಎಂಜಿನ್, ನೀರಿನಿಂದ ತಂಪಾಗುವ ವ್ಯವಸ್ಥೆ. ಹಳೆಯ ನೆನಪಿಗೆಂದು ಜಾವಾಗೆ ಎರಡು ಸೈಲೆನ್ಸರ್. ತಯಾರಾಗಿ ಬಂದದ್ದು ಮಾತ್ರ ಮಧ್ಯಪ್ರದೇಶದ ಪೀಥಂಪುರದಿಂದ. ಯೆಜ್ಡಿ ಎಂಬ ಹೆಸರು ಯಾರದೆಂಬ ವಿವಾದ ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅದು ಸಮಾಪನೆಯಲ್ಲಿರುವ ಐಡಿಯಲ್ ಜಾವಾಗೆ ಸೇರಿದ್ದೆಂದು 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿಯೂ ಆಯಿತು.

ಹಳೆಯ ಬೈಕಿನವರಿಗೆ ಈ ವ್ಯಾಜ್ಯದ ಚಿಂತೆ ಇದ್ದಂತಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ-ಯೆಜ್ಡಿ ದಿನವೆಂದು ಅವರು ಆಚರಿಸುತ್ತಾರೆ. ಅಂದು ಬೈಕುಗಳನ್ನು ಸಾಲಾಗಿ ನಿಲ್ಲಿಸಿ, ಎಡಗಡೆಯ ಆ ಒಂದೇ ಲಿವರನ್ನು ಒಳಕ್ಕೆ ಒತ್ತಿ, ಮೇಲೆತ್ತಿ ಒದೆಯುತ್ತಾರೆ. ಹೆಚ್ಚಿನವು ಮೊದಲ ಒದೆಗೇ ಹೊತ್ತಿಕೊಳ್ಳುತ್ತವೆ.